ಲಿಂಬೆ ಎಲೆಯ ರಂಗೋಲಿ ರೋಗವಲ್ಲ, ಹುಳು

ಮಾನ್ಯರೇ,

ನಿಮ್ಮ ಕೃಷಿ ಪುಟದ ಪ್ರಶ್ನೋತ್ತರದಲ್ಲಿ ಮುದುಡಿದ ಲಿಂಬೆ ಎಲೆಯ ಫೋಟೊ ಬಂದಿತ್ತು. ಎಲೆ ಮೇಲೆ ಬೆಳ್ಳಿ ಬಣ್ಣದ ಅಂಕುಡೊಂಕು ಗೆರೆ. ಇದು ಶಿಲೀಂಧ್ರ ರೋಗ, ತಾಮ್ರದ ಔಷಧಿ ಸಿಂಪಡಿಸಿ ಎಂದು ಉತ್ತರ ಕೊಟ್ಟಿದ್ದಾರೆ. ಅದು ರೋಗವಲ್ಲ. ಒಂದು ಸಣ್ಣ ಪತಂಗದ ಮರಿಹುಳು ಎಲೆಯ ಸಿಪ್ಪೆಯ ಕೆಳಗೆ ಮೇಯುತ್ತಾ ಹೋದ ದಾರಿ. ಇಂಡಿ ತಾಲ್ಲೂಕಿನಲ್ಲಿ ಲಿಂಬೆ ಅಗಿ, ಅಂದರೆ ಸಸಿ, ಬೆಳೆಸಿ ಮಾರುವವಳು ನಾನು. ಚಿಗುರು ಬಂತೆಂದರೆ ಈ ಹುಳುವೂ ಬಂತು ಅಂತಲೇ ನಮ್ಮ ಲೆಕ್ಕ.

ಗುರುತು ಹಿಡಿಯುವುದು ಕಷ್ಟವೇನಲ್ಲ. ಒಂದು ಭೂತಗನ್ನಡಿ ಇದ್ದರೆ ಸಾಕು. ಉಗುರಿನಷ್ಟೂ ಆಗದ ಎಳೆ ಎಲೆಯನ್ನು ತಿರುಗಿಸಿ, ನಡುನರದ ಪಕ್ಕ ನೋಡಿ. ಇಬ್ಬನಿ ಹನಿಯಂತೆ ಹೊಳೆಯುವುದು ಮೊಟ್ಟೆ. ಅದು ಒಡೆದ ಮರಿ ನೇರವಾಗಿ ಎಲೆಯೊಳಗೇ ಇಳಿಯುತ್ತದೆ. ಮತ್ತೆ ಹೊರಗೆ ಬರುವುದಿಲ್ಲ, ಇನ್ನೊಂದು ಎಲೆಗೂ ಹೋಗುವುದಿಲ್ಲ. ಕಾಲಿಲ್ಲದ, ಚಪ್ಪಟೆಯಾದ, ಹಳದಿ ಹಸಿರಿನ ಹುಳು ಅದು. ಬಲಿತಾಗಲೂ ಮೂರು ಮಿ.ಮೀ. ಆದರೆ ಹೆಚ್ಚು. ಗೆರೆಯ ನಡುವೆ ಎಳೆದಂತೆ ಸಣ್ಣ ಕಪ್ಪು ಗೀರು ಕಾಣುತ್ತದಲ್ಲ, ಅದು ಅದರ ಹಿಕ್ಕೆ. ಗೆರೆ ಅಗಲವಾಗಿರುವ ತುದಿಯಲ್ಲಿ ಹುಡುಕಿದರೆ ಹುಳು ಅಲ್ಲೇ ಸಿಗುತ್ತದೆ.

ಹೊಟ್ಟೆ ತುಂಬಿದ ಮೇಲೆ ಅದು ಎಲೆಯ ಅಂಚಿಗೆ ಬಂದು ನೂಲು ತೆಗೆಯುತ್ತದೆ. ಅಂಚನ್ನು ಮಡಚಿಕೊಂಡು ಒಳಗೆ ಕೋಶವಾಗುತ್ತದೆ. ಆ ಮಡಿಕೆಯನ್ನು ಉಗುರಿನಿಂದ ಬಿಡಿಸಿದರೆ ಕಂದು ಕೋಶ ಸಿಗುತ್ತದೆ. ಖಾಲಿ ಸಿಪ್ಪೆ ಮಾತ್ರ ಹೊರಗೆ ಚಾಚಿಕೊಂಡಿದ್ದರೆ ಪತಂಗ ಹಾರಿಹೋಗಿದೆ. ಬೆಳ್ಳಿಬಿಳುಪಿನ ಪತಂಗ, ರೆಕ್ಕೆ ತುದಿಯಲ್ಲಿ ಒಂದು ಕಪ್ಪು ಚುಕ್ಕೆ. ರೆಕ್ಕೆ ಬಿಚ್ಚಿದರೂ ನಾಲ್ಕು ಮಿ.ಮೀ. ಆಸುಪಾಸು. ಹಗಲಲ್ಲಿ ನಮ್ಮ ಕಣ್ಣಿಗೆ ಬೀಳುವುದೇ ಅಪರೂಪ. ಬಿಸಿಲು ಜಾಸ್ತಿ ಇರುವ ದಿನಗಳಲ್ಲಿ ಮೊಟ್ಟೆಯಿಂದ ಪತಂಗವಾಗಲು ಎರಡು ವಾರ ಸಾಕು, ತಂಪಿನಲ್ಲಿ ತಿಂಗಳಿಗೂ ಮೀರಬಹುದು.

ಇಷ್ಟೆಲ್ಲ ಯಾಕೆ ನೋಡಬೇಕು ಅಂದರೆ, ಹುಳು ಹೋದರೂ ಗೆರೆ ಹೋಗುವುದಿಲ್ಲ. ಎಲೆ ಉದುರುವ ತನಕ ಇರುತ್ತದೆ. ಜನ ಆ ಹಳೆ ಗೆರೆ ನೋಡಿ ಔಷಧಿ ಹೊಡೆಯುತ್ತಾರೆ. ಮನೆಯವರು ಊರು ಬಿಟ್ಟ ಮೇಲೆ ಬಾಗಿಲು ಬಡಿದ ಹಾಗೆ! ಅದರಿಂದ ಸಾಯುವುದು ಈ ಹುಳುವಿನ ಮೇಲೆ ಮೊಟ್ಟೆ ಇಡುವ ಸಣ್ಣ ಕಣಜಗಳು. ಮಡಿಕೆ ಬಿಡಿಸಿದಾಗ ಒಮ್ಮೊಮ್ಮೆ ಸತ್ತ ಹುಳುವಿನ ಪಕ್ಕದಲ್ಲಿ ಕಪ್ಪಗಿನ ಪುಟ್ಟ ಕೋಶ ಇರುತ್ತದೆ. ಅದು ಕಣಜದ್ದು. ಆ ಎಲೆಯನ್ನು ನಾನಂತೂ ಚಿವುಟುವುದಿಲ್ಲ.

ತಾಮ್ರದ ಮಾತಿಗೂ ಒಂದು ಕಾರಣ ಇರಬಹುದು. ಹುಳು ಮಾಡಿದ ಗಾಯದಲ್ಲಿ ಕಜ್ಜಿ ರೋಗದ ಬ್ಯಾಕ್ಟೀರಿಯಾ ಸುಲಭವಾಗಿ ಸೇರುತ್ತದೆ. ಗೆರೆಯ ಉದ್ದಕ್ಕೂ ಕಂದು ಕಜ್ಜಿ ಏಳುತ್ತದೆ. ಕಜ್ಜಿಗೆ ತಾಮ್ರ ಸರಿ. ಆದರೆ ಸಿಪ್ಪೆಯೊಳಗಿನ ಹುಳುವಿಗೆ ಅದರಿಂದ ಏನೂ ಆಗುವುದಿಲ್ಲ.

ದೊಡ್ಡ ಗಿಡಗಳಿಗೆ ಈ ಹುಳುವಿನಿಂದ ಹೆಚ್ಚು ನಷ್ಟವಿಲ್ಲ. ಬಲಿತ ಎಲೆಯನ್ನು ಅದು ಮುಟ್ಟುವುದೂ ಇಲ್ಲ. ಕಷ್ಟ ಇರುವುದು ನಮ್ಮಂಥ ಸಸಿಮಡಿಯವರಿಗೆ, ಹೊಸದಾಗಿ ನೆಟ್ಟವರಿಗೆ. ಬೇವಿನ ಎಣ್ಣೆ ಹೊಡೆಯುವುದಾದರೆ ಚಿಗುರು ಕಣ್ಣು ಬಿಡುವಾಗಲೇ ಹೊಡೆಯಬೇಕು. ಗೆರೆ ಎದ್ದ ಮೇಲೆ ಅಲ್ಲ.

ಇದೇನು ಹೊರಗಿನಿಂದ ಬಂದ ಹುಳುವಲ್ಲ. 1856ರಲ್ಲಿ ಸ್ಟೇನ್‌ಟನ್ ಎಂಬ ಇಂಗ್ಲಿಷ್ ಕೀಟತಜ್ಞರು ಇದನ್ನು ಮೊದಲು ವರ್ಣಿಸಿದ್ದೇ ಕಲ್ಕತ್ತೆಯಲ್ಲಿ ಸಿಕ್ಕ ಪತಂಗಗಳಿಂದ. ಫಿಲ್ಲೊಕ್ನಿಸ್ಟಿಸ್ ಸಿಟ್ರೆಲ್ಲಾ ಎಂದು ಹೆಸರು. ಅಮೆರಿಕದ ಫ್ಲಾರಿಡಾದಲ್ಲಿ ಇದು ಕಾಣಿಸಿಕೊಂಡಿದ್ದು 1993ರಲ್ಲಿ. ಟೊಮೆಟೊ ಎಲೆಯ ಸಪೂರ ಗೆರೆಗಳು ಬೇರೆ, ಅವು ಸಾಮಾನ್ಯವಾಗಿ ನೊಣದ ಮರಿಯವು. ಅಲ್ಲಿ ಗೆರೆಯ ಬದಲು ಅಗಲವಾದ ಮಚ್ಚೆ ಎದ್ದು, ಕಾಯಿಗೂ ತೂತು ಬಿದ್ದಿದ್ದರೆ ಅದು 2014ರಲ್ಲಿ ನಮ್ಮ ದೇಶದಲ್ಲಿ ಮೊದಲು ಪತ್ತೆಯಾದ ಟೂಟಾ ಪತಂಗದ ಕೆಲಸ. ಲಿಂಬೆಯ ಔಷಧಿಯನ್ನೇ ಅದಕ್ಕೂ ಹೊಡೆಯುವವರಿದ್ದಾರೆ!

ಓದುಗರು ಇಂಥ ಪ್ರಶ್ನೆ ಕಳಿಸಿದಾಗ ಎಲೆಯ ಕೆಳಭಾಗದ್ದೊಂದು, ಅಂಚಿನ ಮಡಿಕೆ ಬಿಡಿಸಿದ್ದೊಂದು ಫೋಟೊ ಕೇಳಿ ತರಿಸಿಕೊಳ್ಳಿ. ಉತ್ತರ ಬರೆಯುವ ತಜ್ಞರಿಗೂ ಅನುಕೂಲ. ಮೊಟ್ಟೆ, ಹುಳು, ಕೋಶ, ಪತಂಗ ನಾಲ್ಕನ್ನೂ ದೊಡ್ಡದಾಗಿ ಒಮ್ಮೆ ಬಣ್ಣದಲ್ಲಿ ಅಚ್ಚು ಹಾಕಿದರೆ ಇನ್ನೂ ಒಳ್ಳೆಯದು. ಅಗಿ ಒಯ್ಯಲು ಬರುವವರಿಗೆ ತೋರಿಸಲು ನಾನೇ ಅದನ್ನು ಕತ್ತರಿಸಿ ಇಟ್ಟುಕೊಳ್ಳುತ್ತೇನೆ.

– ಲಿಂಬೆ ಸಸಿ ಬೆಳೆಗಾರ್ತಿ, ಇಂಡಿ ತಾಲ್ಲೂಕು, ವಿಜಯಪುರ ಜಿಲ್ಲೆ