ಹಳೇ ರೈಫಲ್‌ನ ಅಂಟಿಗೆ ಉಳಿ, ಟಾರ್ಚ್ ಬೇಡ

ಮಾನ್ಯರೇ,

ತೀರ್ಥಹಳ್ಳಿ, ಹೊಸನಗರ ಕಡೆ ಬೆಳೆ ರಕ್ಷಣೆಗೆ ಕೊಳ್ಳುವ ಸೆಕೆಂಡ್‌ಹ್ಯಾಂಡ್ ರೈಫಲ್‌ಗಳಲ್ಲಿ ದುರ್ಬೀನು ಕೂರಿಸುವ ಪಟ್ಟಿಗೆ ಸ್ಕ್ರೂ ಜೊತೆ ಅಂಟನ್ನೂ ಮೆತ್ತಿರುವುದುಂಟು. ಮಳೆಗಾಲದ ತೇವ ಅದರಡಿ ಸೇರಿದರೆ ತುಕ್ಕು ಕಣ್ಣಿಗೇ ಬೀಳುವುದಿಲ್ಲ. ಬಿಚ್ಚಬೇಕು ನಿಜ, ಆದರೆ ಉಳಿಯಿಟ್ಟು ಹೊಡೆದಲ್ಲ.

ಮೊದಲು ಗುಂಡು ತೆಗೆದು, ಚೇಂಬರ್ ಖಾಲಿಯಿದೆಯೆಂದು ಕಣ್ಣಿಂದಲೂ ಬೆರಳಿಂದಲೂ ಖಾತ್ರಿ ಮಾಡಿಕೊಂಡು, ಬೋಲ್ಟ್, ದುರ್ಬೀನು, ಮರದ ಹಿಡಿ ಬೇರ್ಪಡಿಸಿ. ಸ್ಕ್ರೂ ತಲೆಯ ಕಚ್ಚಿನಲ್ಲಿ ತುಂಬಿದ ಅಂಟನ್ನು ಸೂಜಿಯಿಂದ ಕೆರೆದು, ಅಲುಗಾಡದಂತೆ ಕೂರುವ ಸ್ಕ್ರೂಡ್ರೈವರ್ ಬಿಟ್ ಹಾಕಿ. ಸಡಿಲ ಬಿಟ್ ತಲೆಯನ್ನೇ ಸವೆಸಿಬಿಡುತ್ತದೆ. ಸ್ಕ್ರೂ ಸಡಿಲಾಗದಂತೆ ಅದರ ಎಳೆಗೆ ಹಚ್ಚುವ ಅಂಟು, ಅಂದರೆ ಥ್ರೆಡ್‌ಲಾಕರ್, ನೀಲಿಯದಾದರೆ ಸಾಮಾನ್ಯವಾಗಿ ಕೈಬಲಕ್ಕೇ ಬಿಡುತ್ತದೆ. ಕೆಂಪಿಗೆ ಸುಮಾರು 250 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು: ಸೋಲ್ಡರಿಂಗ್ ಐರನ್ ತುದಿಯನ್ನು ಸ್ಕ್ರೂ ತಲೆಗೆ ಒಂದೆರಡು ನಿಮಿಷ ಒತ್ತಿ, ಬಿಸಿ ಆರುವ ಮೊದಲೇ ತಿರುಗಿಸಿ. ಗ್ಯಾಸ್ ಟಾರ್ಚ್ ಹಿಡಿದರೆ ಉಕ್ಕಿನ ಹದವೇ ಕೆಡುತ್ತದೆ. ಜೋಡುನಳಿಗೆ ಕೋವಿಗಂತೂ ಬಿಸಿ ತಾಗಿಸಲೇಬೇಡಿ. ಅದರ ನಳಿಗೆಗಳನ್ನು ಕೂಡಿಸಿರಬಹುದಾದ ತವರ-ಸೀಸದ ಬೆಸುಗೆ 183 ಡಿಗ್ರಿಗೇ ಕರಗತೊಡಗುತ್ತದೆ.

ಸ್ಕ್ರೂ ಬಂದರೂ ಪಟ್ಟಿ ಕದಲದಿದ್ದರೆ ಅಲ್ಲಿರುವುದು ಬಹುಶಃ ಎಪಾಕ್ಸಿ, ಅಂದರೆ ಎರಡು ಭಾಗ ಬೆರೆಸಿ ಹಚ್ಚುವ ಗಟ್ಟಿ ಅಂಟು. ಹೀಟ್ ಗನ್‌ನಿಂದ ಪಟ್ಟಿಯನ್ನಷ್ಟೇ ಬಿಸಿಮಾಡಿ, ಮರದ ತುಂಡಿಟ್ಟು ಪಕ್ಕದಿಂದ ತಟ್ಟಿ. ಮೇಲಕ್ಕೆ ಮೀಟಿದರೆ ಪಟ್ಟಿ ಬಾಗುತ್ತದೆ. ಅಸಿಟೋನ್ ಸೂಪರ್ ಗ್ಲೂವನ್ನು ನಿಧಾನಕ್ಕೆ ಕರಗಿಸುತ್ತದೆ, ಗಟ್ಟಿಯಾದ ಎಪಾಕ್ಸಿಗೆ ಅಷ್ಟಾಗಿ ನಾಟುವುದಿಲ್ಲ. ಲೋಹ ಪೂರ್ತಿ ತಣಿದ ಮೇಲೆಯೇ ಬಳಸಿ, ಬೇಗ ಹೊತ್ತಿಕೊಳ್ಳುವ ದ್ರವ ಅದು. ಕೊನೆಗೆ ಎಣ್ಣೆ ಸವರಿ.

ತಲೆ ಮುರಿದ ಸ್ಕ್ರೂವನ್ನು ಡ್ರಿಲ್ ಮಾಡಲು ಹೋಗದೆ ಪರವಾನಗಿಯುಳ್ಳ ದುರಸ್ತಿಗಾರರಿಗೆ ಒಪ್ಪಿಸಿ. ಮಾರುವವರು ಯಾವ ಅಂಟು ಹಾಕಲಾಗಿದೆಯೆಂದು ಚೀಟಿಯಲ್ಲಿ ಬರೆದುಕೊಡಬೇಕೆಂದು ನಮ್ಮ ಕೋರಿಕೆ.

– ಕೋವಿ ಪರವಾನಗಿಯುಳ್ಳ ಕೃಷಿಕರು, ತೀರ್ಥಹಳ್ಳಿ