ಹೊಸಿಲು ತುಳಿಯುವ ಮುಂಚೆ

ಪ್ರೀತಿಯ ತಮ್ಮ,

ಲೇಖನ ಓದಿದೆ. ಇಂಗ್ಲಿಷಿನ ಮನೆಬಳಕೆಯ ಪದಗಳ ಹುಟ್ಟಿನ ಬಗ್ಗೆ ಎರಡೇ ಪುಟ, ಅದರಲ್ಲಿ 23 ಪದ! ಮದುವೆ ಪಂಕ್ತಿಯಲ್ಲಿ ಬಡಿಸುವವರು ಓಡಿದ ಹಾಗೆ ಓಡಿದ್ದೀಯ. ಎಲೆಗೆ ಏನು ಬಿತ್ತು ಅಂತ ನೋಡುವಷ್ಟರಲ್ಲಿ ಮುಂದಿನದು ಬಂದಿರುತ್ತದೆ.

'ಥ್ರೆಶ್‌ಹೋಲ್ಡ್' ಅಂದರೆ ಹೊಸಿಲು, ಅದರ ಕತೆಯನ್ನಂತೂ ತೆಗೆದುಬಿಡು. ಹಿಂದೆ ನೆಲಕ್ಕೆ 'ಥ್ರೆಶ್' ಅನ್ನುವ ಹುಲ್ಲು ಹಾಸುತ್ತಿದ್ದರು, ಅದು ಹೊರಗೆ ಹೋಗದಂತೆ 'ಹೋಲ್ಡ್' ಮಾಡಲು ಬಾಗಿಲಿಗೆ ಅಡ್ಡ ಹಲಗೆ ಇಟ್ಟರು ಅಂತ ಬರೆದಿದ್ದೀಯ. 1999ರಲ್ಲಿ ಇಮೇಲಿನಲ್ಲಿ ಲೋಕವೆಲ್ಲ ಸುತ್ತಿದ ಕಟ್ಟುಕತೆ ಅದು. ನಾನೂ ನಂಬಿ ಒಂದು ವಾರಪತ್ರಿಕೆಗೆ ಬರೆದಿದ್ದೆ. ಓದುಗರೊಬ್ಬರು ಕಾರ್ಡ್ ಹಾಕಿದರು: 'ಹಳೆಯ ಇಂಗ್ಲಿಷಿನಲ್ಲಿ ಈ ಪದ ಹೇಗಿತ್ತು, ನೋಡಿದ್ದೀರಾ?' ನೋಡಿರಲಿಲ್ಲ. ಆಮೇಲೆ ನಿಘಂಟು ತೆರೆದೆ. ಸಾವಿರ ವರ್ಷದ ಹಿಂದೆಯೇ ಅದು 'ಥ್ರೆಸ್ಕೋಲ್ಡ್'. ಹಿಡಿದಿಡುವ 'ಹೋಲ್ಡ್' ಅಲ್ಲಿ ಇಲ್ಲವೇ ಇಲ್ಲ.

ನಿಜ ಇನ್ನೂ ಚೆನ್ನಾಗಿದೆ. ಪದದ ಮೊದಲರ್ಧ 'ಥ್ರೆಶ್', ಅಂದರೆ ಒಕ್ಕುವುದು. ಅದರ ಹಳೇ ಅರ್ಥ ತುಳಿಯುವುದು. ಕಣದಲ್ಲಿ ಹಂತಿ ಕಟ್ಟಿ ಎತ್ತುಗಳಿಂದ ತುಳಿಸಿದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾ? ನಮ್ಮಲ್ಲಿ ಹೊಸಿಲು ತುಳಿದರೆ ಅಜ್ಜಿ ಬೈಯುತ್ತಾರೆ. ಅವರು ನೋಡು, ತುಳಿಯುವುದನ್ನೇ ಹೆಸರು ಮಾಡಿಟ್ಟಿದ್ದಾರೆ! ಇದೊಂದಕ್ಕೇ ಒಂದು ಪುಟ ಕೊಡು.

'ವಿಂಡೋ' ಬಗ್ಗೆ 'ಗಾಳಿಯಿಂದ ಬಂದ ಹೆಸರು' ಅಂತಷ್ಟೇ ಹೇಳಿ ದಾಟಿದ್ದೀಯ. ಕಣ್ಣು ಎಲ್ಲಿ ಹೋಯಿತು? ಡೆನ್ಮಾರ್ಕ್, ನಾರ್ವೆ ಕಡೆಯಿಂದ ಬಂದು ಇಂಗ್ಲೆಂಡಿನಲ್ಲಿ ನೆಲೆ ನಿಂತವರ 'ವಿಂಡೌಗ' ಅದು, ಗಾಳಿಗಣ್ಣು. ನಮ್ಮ ಗವಾಕ್ಷಿಯಲ್ಲೂ ಅಕ್ಷಿ ಇದೆ, ಅಲ್ವಾ? ಹಾಗಂತ ಅದೇ ಇದು ಅಂತ ನಂಟು ಕಟ್ಟಬೇಡ. ಗೋಡೆಯ ಕಿಂಡಿಯನ್ನು ಕಣ್ಣು ಅನ್ನಲು ಯಾರೂ ಯಾರಿಂದಲೂ ಕಲಿಯಬೇಕಿಲ್ಲ.

'ಏಪ್ರನ್' ಚೆನ್ನಾಗಿ ಬಂದಿದೆ, ಮುಟ್ಟಬೇಡ. 'ಎ ನೇಪ್ರನ್' ಅಂದದ್ದು ಕಿವಿಗೆ 'ಆನ್ ಏಪ್ರನ್' ಆಗಿ ಬಿದ್ದು, 'ನ' ಪಕ್ಕದ ಮನೆಗೆ ಹೋದದ್ದನ್ನು ಉಚ್ಚರಿಸಿಯೇ ತೋರಿಸಿದ್ದೀಯ. 'ಕಾಟ್' ಕೂಡ ಇರಲಿ, ಎರಡು ಸಾಲು ಸಾಕು: ಹಿಂದಿಯ 'ಖಾಟ್' ಇಂಗ್ಲಿಷಿಗೆ ಹೋಗಿ, 'ಕಾಟ್' ಆಗಿ ನಮ್ಮ ಮಲಗುವ ಕೋಣೆಗೆ ವಾಪಸ್ ಬಂದಿದೆ.

ಉಳಿದ ಹತ್ತೊಂಬತ್ತನ್ನು ಸುಮ್ನೆ ಎತ್ತಿಡು. ಅಂದಹಾಗೆ, ಆ ಕಾರ್ಡು ಇನ್ನೂ ನನ್ನ ನಿಘಂಟಿನೊಳಗೇ ಇದೆ, 'ಟಿ' ಅಕ್ಷರದ ಪುಟದಲ್ಲಿ. ಮನೆಗೆ ಬಂದಾಗ ತೋರಿಸುತ್ತೇನೆ.

ನಿನ್ನ ಅಣ್ಣ