ಬಾಣಂತನಕ್ಕೂ 90 ದಿನದ ಲೆಕ್ಕವೇ? ನಮ್ಮ ಸಂಸದರಿಗೊಂದು ಬಹಿರಂಗ ಪತ್ರ

ಮಾನ್ಯ ಸಂಸದರೇ,

ನಮಸ್ಕಾರ. ನಾನು ಬ್ರಿಟನ್‌ನಲ್ಲಿ ನೆಲೆಸಿ ಬ್ರಿಟಿಷ್ ಪಾಸ್‌ಪೋರ್ಟ್ ಪಡೆದ ಕನ್ನಡತಿ. ಯುರೋಪಿನಲ್ಲಿರುವ ಮಗಳ ಬಾಣಂತನಕ್ಕೆ ಹೋದರೆ 90 ದಿನಕ್ಕಿಂತ ಹೆಚ್ಚು ಇರಲು ಬಿಡುವುದಿಲ್ಲ ಎಂಬ ವಿಷಯವಾಗಿ ತಮ್ಮ ಕಚೇರಿಗೆ ಇಂಗ್ಲಿಷಿನಲ್ಲಿ ಬರೆದಿದ್ದೆ. ನಿಮ್ಮ ಕಳವಳ ಅರ್ಥವಾಗುತ್ತದೆ, ಆದರೆ ಷೆಂಗೆನ್ ನಿಯಮಗಳು (ಯುರೋಪಿನ ಬಹುತೇಕ ದೇಶಗಳು ಒಟ್ಟಾಗಿ ಪಾಲಿಸುವ ಗಡಿ ನಿಯಮಗಳು) ನಮ್ಮ ಕೈಯಲ್ಲಿಲ್ಲ ಎಂಬರ್ಥದ ಎರಡು ಸಾಲು ಬಂತು, ಕೆಳಗೆ ತಮ್ಮ ಸಹಿಯ ಅಚ್ಚು. ಮತ್ತೆ ಬರೆದೆ, ಮತ್ತೆ ಅದೇ ಎರಡು ಸಾಲು. ಹಾಗಾಗಿ ಈ ಸಲ ಕನ್ನಡದಲ್ಲಿ, ನಾಲ್ಕು ಜನರ ಮುಂದೆ ಬರೆಯುತ್ತಿದ್ದೇನೆ. ಓದಿ ಹೇಳುವವರು ಬೇಕೆಂದರೆ ತಮ್ಮ ಕ್ಷೇತ್ರದಲ್ಲಿ ಕನ್ನಡ ಬಲ್ಲವರು ಸಾಕಷ್ಟಿದ್ದಾರೆ. ಮತ ಕೇಳಲು ನಮ್ಮ ಯುಗಾದಿ ಊಟಕ್ಕೆ ಬಂದು ಎರಡೆರಡು ಹೋಳಿಗೆ ಹಾಕಿಸಿಕೊಂಡಾಗ ತಾವೇ ಕಂಡಿದ್ದೀರಿ.

ನಾನು ಕೇಳುತ್ತಿರುವುದು ಒಂದೇ. ಯುರೋಪಿಯನ್ ಒಕ್ಕೂಟದ ಜೊತೆ ಸರ್ಕಾರ ಮಾತುಕತೆ ನಡೆಸುತ್ತಿದೆಯಲ್ಲ, ಅಲ್ಲಿ ನೆಲೆಸಿರುವ ಮಕ್ಕಳ ಮನೆಗೆ ಹೋಗುವ ತಂದೆತಾಯಿಯರಿಗೆ 90 ದಿನದ ಮಿತಿಯಿಂದ ವಿನಾಯಿತಿ ಕೊಡಿಸಿ. ಕೊಡಿಸಲು ಆಗದಿದ್ದರೆ, ಕೇಳಿದೆವು, ಅವರು ಒಪ್ಪಲಿಲ್ಲ ಎಂದಾದರೂ ಹೇಳಿ. ಕೇಳಿಯೇ ಇಲ್ಲ ಎಂಬುದು ನನ್ನ ಸಂಶಯ.

ಯಾವುದೇ 180 ದಿನಗಳಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ಷೆಂಗೆನ್ ದೇಶಗಳಲ್ಲಿ ಇರುವಂತಿಲ್ಲ ಎಂಬ ಲೆಕ್ಕವನ್ನು ತಮಗೆ ನಾನು ಬಿಡಿಸಿ ಹೇಳಬೇಕಿಲ್ಲ. ಆ ಲೆಕ್ಕದೊಳಗೆ ಒಂದು ಬಾಣಂತನ ಹಿಡಿಸುವುದಿಲ್ಲ ಎಂಬುದು ಮಾತ್ರ ತಮಗೆ ಗೊತ್ತಿರಲಾರದು.

ನನ್ನ ಮಗಳು 2019ರಲ್ಲಿ ಕೆಲಸ ಸಿಕ್ಕಿ ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ಗೆ ಹೋದಳು. ಚಿಪ್ ತಯಾರಿಸುವ ಯಂತ್ರಗಳಿಗೆ ಹೆಸರಾದ ಕಡೆ. ಬೆಂಗಳೂರಿನಿಂದ ನೇರ ಬಂದಿಳಿದ ಎಷ್ಟೋ ಹುಡುಗ ಹುಡುಗಿಯರು ಅಲ್ಲಿದ್ದಾರೆ, ಸಂತೆಯಲ್ಲಿ ಕನ್ನಡ ಕಿವಿಗೆ ಬೀಳುತ್ತದೆ. ಆಗ ಅವಳು ಹೊರಟಿದ್ದು ಪರದೇಶಕ್ಕೆ ಅಂತ ನಮಗೆ ಅನ್ನಿಸಿರಲೇ ಇಲ್ಲ. ಶುಕ್ರವಾರ ಹೊರಟರೆ ರಾತ್ರಿ ಊಟದ ಹೊತ್ತಿಗೆ ಅವಳ ಮನೆ. ಬೇಕಾದಷ್ಟು ದಿನ ಇದ್ದು ಬಂದರೂ ಯಾರೂ ಎಣಿಸುತ್ತಿರಲಿಲ್ಲ. ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಟ್ಟಿತಲ್ಲ, 2020ರ ಡಿಸೆಂಬರ್ 31ರ ರಾತ್ರಿ ಅದೆಲ್ಲ ಮುಗಿಯಿತು. ಮೊದಲೇ ಅಲ್ಲಿ ನೆಲೆಸಿದ್ದರಿಂದ ಅವಳ ಹಕ್ಕು ಉಳಿಯಿತು, ನಮ್ಮದು ಹೋಯಿತು.

ಅಲ್ಲಿಯ ಹುಡುಗನನ್ನೇ ಮದುವೆಯಾದಳು. ಬಸುರಿಯಾದಳು. ಆರಂಭದಲ್ಲೇ ತೊಂದರೆಯಾಗಿ ಹಾಸಿಗೆ ಬಿಟ್ಟು ಏಳಬಾರದೆಂದರು ವೈದ್ಯರು. ಹೋದೆ. ಹೋಗದೆ ಇರುವ ತಾಯಿ ಯಾರು? ಅಲ್ಲೇ ಖರ್ಚಾದವು ನನ್ನ ದಿನಗಳು. ಸೀಮಂತ ಮುಗಿಸಿ, ಉಳಿದ ದಿನಗಳನ್ನು ಹೆರಿಗೆಗೆಂದು ಜೋಪಾನ ಮಾಡಿಕೊಂಡು ವಾಪಸ್ ಬಂದೆ. ಒಂದು ಹಾಳೆಯಲ್ಲಿ ಚೌಕ ಗೆರೆ ಎಳೆದು ಯಾವ ದಿನ ಯಾವಾಗ ಮರಳಿ ನನ್ನದಾಗುತ್ತದೆ ಎಂದು ಲೆಕ್ಕ ಹಾಕಿ ಫ್ರಿಜ್ಜಿಗೆ ಅಂಟಿಸಿದ್ದೆ. ಮಗುವಿಗೆ ಆ ಹಾಳೆ ಗೊತ್ತಿಲ್ಲವಲ್ಲ. ಅದು ವಾರಗಟ್ಟಲೆ ಮುಂಚೆಯೇ ಬಂದುಬಿಟ್ಟಿತು.

ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನದು. ಮಗಳು ತವರಿಗೆ ಬರಲಾಗದಿದ್ದರೆ ತವರೇ ಅವಳಿದ್ದಲ್ಲಿಗೆ ಹೋಗಬೇಕು. ಕಡಿಮೆಯೆಂದರೂ ಮೂರು ತಿಂಗಳು, ನಮ್ಮ ಹಾಸನದ ಕಡೆ ಹಳಬರು ಐದು ತಿಂಗಳು ಅನ್ನುತ್ತಿದ್ದರು. ಬಾಣಂತಿಗೆ ಎಣ್ಣೆ ನೀರು, ಸಾಂಬ್ರಾಣಿ ಹೊಗೆ, ಮೆಣಸಿನ ಸಾರು, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು. ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಸ್ನಾನ. ಇದನ್ನು ಯಂತ್ರ ಮಾಡುವುದಿಲ್ಲ, ವಿಡಿಯೋ ಕರೆಯಲ್ಲೂ ಆಗುವುದಿಲ್ಲ. ಡಚ್ಚರನ್ನು ದೂರುತ್ತಿಲ್ಲ, ಅವರ ವ್ಯವಸ್ಥೆ ಚೆನ್ನಾಗಿಯೇ ಇದೆ. ಕ್ರಾಮ್‌ಜೋರ್ಗ್ ಎಂದು ಹೆರಿಗೆಯಾದ ಮನೆಗೇ ದಾದಿ ಬರುತ್ತಾಳೆ, ವಾರವೊಂದರ ಮೇಲೆ ಒಂದು ದಿನ ಇದ್ದು ಎಲ್ಲ ಕಲಿಸಿಕೊಟ್ಟು ಹೋಗುತ್ತಾಳೆ. ಮಗು ಹುಟ್ಟಿದ ಮನೆಗೆ ಬಂದವರಿಗೆ ಸಕ್ಕರೆ ಹಚ್ಚಿದ ಸೋಂಪು ಉದುರಿಸಿದ ರಸ್ಕು ಕೊಡುತ್ತಾರೆ. ಎದೆಹಾಲಿಗೆ ಸೋಂಪು ಒಳ್ಳೆಯದೆಂದು ಅವರಿಗೂ ಗೊತ್ತಿದೆ ನೋಡಿ ಎಂದು ನಾನು ಖುಷಿಪಟ್ಟಿದ್ದೆ. ಆದರೆ ದಾದಿ ಹೋದ ಮರುದಿನ? ಹೆರಿಗೆ ರಜೆ ಒಟ್ಟು 16 ವಾರ, ಅದರಲ್ಲೊಂದಿಷ್ಟು ಹೆರಿಗೆಗೆ ಮುಂಚೆಯೇ ಹೋಗಿರುತ್ತದೆ. ಅಳಿಯ ಒಳ್ಳೆಯವನು, ಆದರೆ ಅವನೂ ಕೆಲಸಕ್ಕೆ ಹೋಗಲೇಬೇಕು.

ಈಗ ಆ ದಿನದ ಕಥೆ ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ, ನಾನೂ ಸಹಿಸಿಕೊಂಡಿದ್ದೇನೆ.

ಹೆರಿಗೆಯಾದ ಸುದ್ದಿ ಬಂದದ್ದೇ ಸಿಕ್ಕ ವಿಮಾನ ಹತ್ತಿದೆ. ಅಲ್ಲಿಳಿದರೆ ನಮ್ಮಂಥವರ ಸಾಲು ಹಾವಿನಂತೆ ಸುತ್ತಿಕೊಂಡು ನಿಂತಿತ್ತು. 2025ರ ಅಕ್ಟೋಬರ್ 12ರಂದು ಶುರುವಾದ, ನಾವು ಒಳಹೋಗುವ ಹೊರಬರುವ ದಿನ ದಾಖಲಿಸುವ ಹೊಸ ವ್ಯವಸ್ಥೆಯ ಯಂತ್ರಗಳಲ್ಲಿ ಅರ್ಧ ಕೆಟ್ಟು ನಿಂತಿದ್ದವು. ಮುಖ ತೋರಿಸಿ, ನಾಲ್ಕು ಬೆರಳು ಒತ್ತಿ, ಎಂದಿತು ಒಂದು. ಒತ್ತಿದೆ. ಔಷಧದ ಅಂಗಡಿಯಲ್ಲಿ ಜೀವಮಾನವಿಡೀ ಕೈ ತೊಳೆದು ತೊಳೆದು ನನ್ನ ಬೆರಳ ಗೆರೆಗಳೇ ಸವೆದಿವೆ, ಯಂತ್ರಕ್ಕೆ ಅವು ಕಾಣಲಿಲ್ಲ. ಕೊನೆಗೆ ಗಾಜಿನ ಹಿಂದೆ ಕೂತ ಹುಡುಗನ ಬಳಿ ಕಳಿಸಿದರು. ನನ್ನ ಮಗನ ವಯಸ್ಸಿರಬಹುದು.

"ಯಾಕೆ ಇಷ್ಟು ಬೇಗ ಮತ್ತೆ ಬಂದಿರಿ?"

"ಮಗಳಿಗೆ ಹೆರಿಗೆಯಾಗಿದೆ."

"ಮಗುವನ್ನು ನೋಡಿಕೊಳ್ಳಲು ಬಂದಿದ್ದೀರಾ?"

"ಮತ್ತೆ?"

"ಅದಕ್ಕೆ ನಿಮಗೆ ಹಣ ಕೊಡುತ್ತಾರಾ?"

ನಾನು ನಕ್ಕುಬಿಟ್ಟೆ. ಅವನು ನಗಲಿಲ್ಲ. ಪಕ್ಕಕ್ಕೆ ಕರೆದುಕೊಂಡು ಹೋಗಿ ಬೆಂಚಿನ ಮೇಲೆ ಕೂರಿಸಿದರು. ವಾಪಸ್ ಟಿಕೆಟ್ ತೋರಿಸಿ, ಬ್ಯಾಂಕ್ ಖಾತೆ ತೋರಿಸಿ, ದಿನಾ ಎಷ್ಟು ಹೊತ್ತು ಮಗುವಿನ ಜೊತೆ ಇರುತ್ತೀರಿ ಹೇಳಿ. ಮಾನ್ಯರೇ, ಅಜ್ಜಿ ಮೊಮ್ಮಗುವಿನ ಜೊತೆ ದಿನಕ್ಕೆ ಎಷ್ಟು ಗಂಟೆ ಇರುತ್ತಾಳೆ ಎಂಬುದಕ್ಕೆ ತಮ್ಮ ಬಳಿ ಸರಿಯಾದ ಉತ್ತರ ಇದ್ದರೆ ತಿಳಿಸಿ, ಮುಂದಿನ ಸಲ ಬರೆದುಕೊಂಡೇ ಹೋಗುತ್ತೇನೆ. ಕೊನೆಗೆ ಮಗಳಿಗೇ ಫೋನ್ ಮಾಡಿದರು. ಹೊಲಿಗೆ ಇನ್ನೂ ಹಸಿಯಿದ್ದ ಹುಡುಗಿ ಮಗುವನ್ನು ಎದೆಗೊತ್ತಿಕೊಂಡು, ನನ್ನಮ್ಮ ಕೂಲಿಗೆ ಬಂದವಳಲ್ಲ ಎಂದು ಪೊಲೀಸರ ಮುಂದೆ ಪ್ರಮಾಣ ಮಾಡಬೇಕಾಯಿತು. ಹಿಂದೆ ಅವಳ ಅಳು, ಮಗುವಿನ ಅಳು, ಎರಡೂ ನನಗೆ ಕೇಳಿಸುತ್ತಿತ್ತು.

ಬಿಟ್ಟರು. ಇಂಥ ತಾರೀಖಿನೊಳಗೆ ಹೊರಡದಿದ್ದರೆ ದಂಡ ಬೀಳಬಹುದು, ಮುಂದೆ ಪ್ರವೇಶವನ್ನೇ ನಿಲ್ಲಿಸಬಹುದು ಎಂದು ಎಚ್ಚರಿಕೆ ಕೊಟ್ಟು ಬಿಟ್ಟರು. ಹೊರಬಂದರೆ ಸುಂಕದವರು ಪೆಟ್ಟಿಗೆ ಬಿಚ್ಚಿಸಿದರು. ಅಂಟಿನುಂಡೆಯ ಡಬ್ಬಿ ಮೂಸಿ ನೋಡಿ ಮಿಠಾಯಿ ಎಂದು ಬಿಟ್ಟುಕೊಟ್ಟರು. ಬಾಣಂತಿಗೆಂದು ಮನೆಯಲ್ಲೇ ಬೆಣ್ಣೆ ಕಾಯಿಸಿ ಮಾಡಿದ ತುಪ್ಪ ಕಸದ ಬುಟ್ಟಿಗೆ ಹೋಯಿತು. ಬ್ರಿಟನ್‌ನಿಂದ ಹಾಲಿನ ಪದಾರ್ಥ ತರುವಂತಿಲ್ಲವಂತೆ. 2021ರ ಜನವರಿಯಲ್ಲಿ ಲಾರಿ ಚಾಲಕರ ಹ್ಯಾಮ್ ಸ್ಯಾಂಡ್‌ವಿಚ್ ಕಿತ್ತುಕೊಂಡದ್ದನ್ನು ಡಚ್ ಟಿವಿಯಲ್ಲಿ ತೋರಿಸಿದಾಗ ಇಡೀ ದೇಶ ನಕ್ಕಿತ್ತು. ನಾನೂ ನಕ್ಕಿದ್ದೆ.

ಮಗುವಿಗೆ ಎರಡು ತಿಂಗಳು ತುಂಬುವ ಮೊದಲೇ ನನ್ನ ತಾರೀಖು ಬಂತು. ಬಾಣಂತನ ಅರ್ಧಕ್ಕೆ ಬಿಟ್ಟು ಎದ್ದು ಬಂದೆ. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಮನಸ್ಸಿಲ್ಲ.

ನಮ್ಮ ಯಜಮಾನರದು ಇನ್ನೊಂದು ಗೋಳು. ಅವರು ಭಾರತದ ಪಾಸ್‌ಪೋರ್ಟ್ ಬಿಡಲಿಲ್ಲ, ಎರಡನ್ನೂ ಇಟ್ಟುಕೊಳ್ಳಲು ಭಾರತ ಬಿಡುವುದಿಲ್ಲ. ಮೊದಲು ಬ್ರಿಟಿಷ್ ಹೆಂಡತಿಯ ಜೊತೆ ಹೊರಟ ಗಂಡ ಎಂಬ ಕಾರಣಕ್ಕೆ ಅವರಿಗೆ ಷೆಂಗೆನ್ ವೀಸಾ ಶುಲ್ಕವಿಲ್ಲದೆ, ಬೇಗ ಸಿಗುತ್ತಿತ್ತು. ಈಗ 90 ಯೂರೋ, ಮೇಲೆ ಅರ್ಜಿ ತೆಗೆದುಕೊಳ್ಳುವ ಏಜೆನ್ಸಿಯ ದಕ್ಷಿಣೆ. ಅದಕ್ಕೂ ಮುಂಚೆ ಸಮಯ ಗೊತ್ತುಮಾಡಿಕೊಳ್ಳಲು ಮಧ್ಯರಾತ್ರಿ ಎದ್ದು ಕಂಪ್ಯೂಟರ್ ಮುಂದೆ ಜಾಗರಣೆ. ಮೊಮ್ಮಗುವಿನ ನಾಮಕರಣವನ್ನು ಅವರು ಫೋನಿನಲ್ಲಿ ನೋಡಿದರು. ತಮಾಷೆಯೆಂದರೆ 2016ರ ಜೂನ್ 23ರಂದು, ಒಕ್ಕೂಟದಲ್ಲಿ ಇರಬೇಕೇ ಬಿಡಬೇಕೇ ಎಂಬ ಮತದಾನದಲ್ಲಿ ಅವರಿಗೂ ಮತ ಇತ್ತು, ಕಾಮನ್‌ವೆಲ್ತ್ ಪ್ರಜೆ ಎಂದು. ಆಗ ನಮ್ಮ ಬೀದಿಗೆ ಬಂದ ಪ್ರಚಾರದವರು, ಯುರೋಪಿನವರು ಬರುವುದು ನಿಂತರೆ ನಿಮ್ಮ ಕಡೆಯ ಬಾಣಸಿಗರಿಗೆ ವೀಸಾ ಸಿಗುತ್ತದೆ ಎಂದಿದ್ದರು. ಯಜಮಾನರು ಯಾವ ಕಡೆ ಗುರುತು ಹಾಕಿದರೋ ಇವತ್ತಿಗೂ ಬಾಯಿ ಬಿಟ್ಟಿಲ್ಲ. ನಾನೂ ಕೇಳುವುದಿಲ್ಲ, ಮನೆಯಲ್ಲಿ ಶಾಂತಿ ಇರಲಿ.

ನಿಯಮ ಅವರದು, ನಮ್ಮದಲ್ಲ ಎನ್ನುತ್ತೀರಿ. ಸರಿ. ಹಾಗಾದರೆ ನಮ್ಮ ನಿಯಮ ನೋಡೋಣ. ನನ್ನ ಬೀಗಿತ್ತಿ ಡಚ್ ಹೆಂಗಸು. ಫೋನಿನಲ್ಲೇ ಒಂದು ಅನುಮತಿ ತೆಗೆದುಕೊಂಡು ಬಂದರೆ ಆಕೆ ಬ್ರಿಟನ್‌ನಲ್ಲಿ ಒಂದೇ ಸಲಕ್ಕೆ ಆರು ತಿಂಗಳು ಇರಬಹುದು. ಇರಲಿ, ಸಂತೋಷ, ನಮ್ಮ ಮನೆಯಲ್ಲೇ ಇರಲಿ. ಆದರೆ ನಾವು ಆರು ತಿಂಗಳು ಕೊಟ್ಟು ಅವರಿಂದ ಮೂರು ತಿಂಗಳು ತೆಗೆದುಕೊಂಡು ಬಂದ ಈ ವ್ಯಾಪಾರವನ್ನು ಕುದುರಿಸಿದವರು ಯಾರು? ನ್ಯೂಜಿಲೆಂಡಿನವರಿಗೆ ಯುರೋಪಿನ ಹಲವು ದೇಶಗಳೊಡನೆ ಹಳೆಯ ಪ್ರತ್ಯೇಕ ಒಪ್ಪಂದಗಳಿವೆ, ಬೇರೆ ಕಡೆ ಕಳೆದ ದಿನಗಳನ್ನು ಹಿಡಿಯದೆ ಅಲ್ಲಿ ಇರಲು ಬಿಡುತ್ತಾರೆ. ಭೂಮಿಯ ಆ ತುದಿಯಲ್ಲಿರುವವರಿಗೆ ಸಾಧ್ಯವಾದದ್ದು, ಇಪ್ಪತ್ತು ಮೈಲಿ ನೀರಿನಾಚೆ ಇರುವ ನಮಗೆ ಯಾಕಿಲ್ಲ?

ಫ್ರಾನ್ಸಿನಲ್ಲಿ ಎರಡನೇ ಮನೆ ಇಟ್ಟುಕೊಂಡ ಬ್ರಿಟಿಷರ ಕಷ್ಟ ನೋಡಲಾರದೆ ಅಲ್ಲಿಯ ಸಂಸತ್ತೇ ಅವರಿಗೆ ವಿನಾಯಿತಿ ಕೊಡಲು ಹೊರಟಿತ್ತು. 2024ರ ಜನವರಿಯಲ್ಲಿ ಅವರ ಸಂವಿಧಾನ ಮಂಡಳಿ ತಡೆಯಿತು, ಅದು ಬೇರೆ ಮಾತು. 2025ರ ಮೇ 19ರಂದು ಬ್ರಿಟನ್ ಮತ್ತು ಒಕ್ಕೂಟದ ಲಂಡನ್ ಶೃಂಗಸಭೆಯಲ್ಲಿ ಯುವಜನರ ಯೋಜನೆಯ ಮಾತು ಬಂತು, ಪಾಸ್‌ಪೋರ್ಟನ್ನು ಯಂತ್ರವೇ ನೋಡಿ ಒಳಬಿಡುವ ಇ-ಗೇಟುಗಳ ಮಾತು ಬಂತು, ಮೀನು ಹಿಡಿಯುವ ಹಕ್ಕಿನ ಮಾತಂತೂ ಬಂದೇ ಬಂತು. 2027ರಿಂದ ವಿದ್ಯಾರ್ಥಿಗಳಿಗೆ ಎರಾಸ್ಮಸ್ ವಿನಿಮಯ ಯೋಜನೆ ಎಂದು ಆಮೇಲೆ ಘೋಷಣೆಯಾಯಿತು. ಯಾವುದೂ ಬೇಡ ಅನ್ನುತ್ತಿಲ್ಲ. ಬಂಗಲೆಗೆ ಇದ್ದ ಮರುಕ, ಮೀನಿಗೆ ಇದ್ದ ಕಾಳಜಿ ಒಬ್ಬ ಅಜ್ಜಿಗೆ ಇಲ್ಲವೇ ಎಂದಷ್ಟೇ ಕೇಳುತ್ತಿದ್ದೇನೆ. ಇ-ಗೇಟು ಬಂದರೆ ನಾನು ಬೇಗ ಒಳಗೆ ಹೋಗುತ್ತೇನೆ, ಅಷ್ಟೇ. ಹೊರಗೆ ಹಾಕುವ ತಾರೀಖು ಅದೇ ಇರುತ್ತದೆ. 2020ರಲ್ಲಿ ನೀಲಿ ಪಾಸ್‌ಪೋರ್ಟ್ ಬಂದಾಗ ಹಬ್ಬ ಮಾಡಿದರಲ್ಲ, ಆ ಪುಸ್ತಿಕೆ ತಯಾರಾಗುತ್ತಿದ್ದದ್ದು ಪೋಲೆಂಡಿನಲ್ಲಿ. ಪುಸ್ತಿಕೆಗೆ ಯುರೋಪಿನಲ್ಲಿ ದಿನದ ಲೆಕ್ಕ ಇರಲಿಲ್ಲ!

ದೀರ್ಘಾವಧಿ ವೀಸಾಕ್ಕೆ ಅರ್ಜಿ ಹಾಕಿ ಎಂದು ತಮ್ಮ ಸಹಾಯಕರು ಫೋನಿನಲ್ಲಿ ಬುದ್ಧಿ ಹೇಳಿದರು. ನಾನು ಅಲ್ಲಿ ಬೇರೂರಲು ಹೊರಟವಳಲ್ಲ. ನನ್ನ ಮನೆ ಇಲ್ಲಿದೆ, ಪಿಂಚಣಿ ಇಲ್ಲಿಯದು, ತೆರಿಗೆಯೂ ಇಲ್ಲಿಗೇ. ಮಗಳ ಕೈಗೆ ಶಕ್ತಿ ಬರುವವರೆಗೆ ಇದ್ದು ಬರಬೇಕು, ಅಷ್ಟೇ.

ಆದ್ದರಿಂದ ಮತ್ತೆ ಕೇಳುತ್ತೇನೆ. ಮಕ್ಕಳ ಮನೆಗೆ ಹೋಗುವ ತಂದೆತಾಯಿಯರನ್ನು 90 ದಿನದ ಲೆಕ್ಕದಿಂದ ಹೊರಗಿಡಿ ಎಂದು ಮಾತುಕತೆಯ ಮೇಜಿನ ಮೇಲೆ ಇಡಿಸಿ. ಇಡೀ ಒಕ್ಕೂಟ ಒಪ್ಪದಿದ್ದರೆ ಒಂದೊಂದೇ ದೇಶವನ್ನು ಕೇಳಿಸಿ. ಹೆರಿಗೆ, ಕಾಯಿಲೆ, ಸಾವು ಇಂಥ ಸಂದರ್ಭಕ್ಕಾದರೂ ಕೇಳಿಸಿ. ಸದನದಲ್ಲಿ ಒಂದು ಲಿಖಿತ ಪ್ರಶ್ನೆ ಹಾಕಲು ತಮಗೆ ಖರ್ಚೇನೂ ಇಲ್ಲ: ಈ ವಿಷಯವನ್ನು ಸರ್ಕಾರ ಯುರೋಪಿನವರ ಮುಂದೆ ಒಮ್ಮೆಯಾದರೂ ಎತ್ತಿದೆಯೇ, ಹೌದೇ ಅಲ್ಲವೇ? ಸಚಿವರು ಉತ್ತರ ಕೊಡಲೇಬೇಕಾಗುತ್ತದೆ. ಆ ಉತ್ತರದ ಪ್ರತಿ ನನಗೆ ಕಳಿಸಿ. ಬೇಸಿಗೆ ರಜೆಗೆ ಸದನ ಮುಚ್ಚುವ ಮುಂಚೆ ಪ್ರಶ್ನೆ ಹಾಕದಿದ್ದರೆ, ತಮ್ಮ ಶನಿವಾರದ ಜನಸಂಪರ್ಕ ಸಭೆಗೆ ನಾನೊಬ್ಬಳೇ ಬರುವುದಿಲ್ಲ. ಮಕ್ಕಳು ಲಿಸ್ಬನ್‌ನಲ್ಲಿ, ಬರ್ಲಿನ್‌ನಲ್ಲಿ, ಡಬ್ಲಿನ್ ಬಿಟ್ಟು (ಐರ್ಲೆಂಡಿಗೆ ಈ ಲೆಕ್ಕವಿಲ್ಲ) ಮಿಕ್ಕೆಲ್ಲ ಕಡೆ ಇರುವ ಅಜ್ಜಿಯರು ಈ ಬೀದಿಯಲ್ಲೇ ಇದ್ದಾರೆ. ಅವರೆಲ್ಲ ಕನ್ನಡದವರೂ ಅಲ್ಲ, ನನ್ನಷ್ಟು ತಾಳ್ಮೆಯವರೂ ಅಲ್ಲ.

ಇಂತಿ,
ತಮ್ಮ ಕ್ಷೇತ್ರದ ಒಬ್ಬ ಮತದಾರಳು